ಭಂಗಿ ಬೆಳೆ: ಪರವಾನಗಿ ರೈತನ ಕೈಗೆಟುಕಲಿ



ಭಂಗಿ ಗಿಡವನ್ನು ನಾರಿಗಾಗಿ, ಬೀಜಕ್ಕಾಗಿ ಬೆಳೆಯಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶ ಇದೆ. ಇಂದು ನಿನ್ನೆಯದಲ್ಲ, 1985ರಿಂದಲೂ ಇದೆ. ಆದರೆ ಆ ಅವಕಾಶ ಹೊಲಕ್ಕೆ ಇಳಿದದ್ದು ಬಹಳ ಕಡಿಮೆ. ಕಾನೂನು ಒಪ್ಪಿದ ಬೆಳೆಯನ್ನು ಕಾನೂನಿಗೆ ತಲೆಬಾಗುವ ರೈತ ಏಕೆ ಬೆಳೆಯಲಾರ? ಅವನಿಗೆ ಅಡ್ಡ ನಿಂತಿರುವುದು ಪರವಾನಗಿಯ ನಿಯಮಗಳು. ಅವು ಹೇಗೆ ಸಡಿಲವಾಗಬೇಕು? ಎಲ್ಲಿ ಸಡಿಲವಾಗಬಾರದು? ಇವತ್ತಿನ ನನ್ನ ಮಾತು ಇಷ್ಟರ ಸುತ್ತಲೇ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಗಾಂಜಾ ಸೇದುವುದನ್ನು ನಾನು ಸಮರ್ಥಿಸುತ್ತಿಲ್ಲ. ಎಳೆಯರ ಮನಸ್ಸಿಗೂ ಓದಿಗೂ ಅದು ಮಾಡುವ ಹಾನಿ ಸಣ್ಣದಲ್ಲ. ನಾನು ಹೇಳಹೊರಟಿರುವುದು ಅದೇ ಗಿಡದ ನಾರು ಮತ್ತು ಬೀಜದ ಬಗ್ಗೆ. ಅದನ್ನು ಬೆಳೆಯಬಯಸುವ ಸಣ್ಣ ರೈತನ ಬಗ್ಗೆ.

ಗಿಡದಿಂದಲೇ ಆರಂಭಿಸೋಣ. ಭಂಗಿ ಗಿಡ ಆಳೆತ್ತರ, ಕೆಲವೊಮ್ಮೆ ಎರಡಾಳೆತ್ತರ ಬೆಳೆಯುತ್ತದೆ. ಕಾಂಡ ನೀಳ. ಎಲೆ ಬೆರಳು ಬಿಡಿಸಿದ ಅಂಗೈಯ ಆಕಾರ, ಅಂಚು ಗರಗಸದಂತೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಮತ್ತೇರಿಸುವ ಅಂಶಕ್ಕೆ ಟಿಎಚ್‌ಸಿ ಎಂದು ಹೆಸರು. ಅದು ಹೆಚ್ಚಾಗಿ ಇರುವುದು ಹೆಣ್ಣು ಗಿಡದ ಹೂತೆನೆಯ ಮೇಲಿನ ಅಂಟು ರೋಮಗಳಲ್ಲಿ. ಕಾಂಡದ ನಾರಿನಲ್ಲಿ ಮತ್ತಿಲ್ಲ. ತೊಳೆದು ಶುಚಿ ಮಾಡಿದ ಬೀಜದಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ಬೀಜದಲ್ಲಿ ಸುಮಾರು ಶೇಕಡ 30ರಷ್ಟು ಎಣ್ಣೆ ಇದೆ. ಶೇಕಡ 25ರಷ್ಟು ಪ್ರೋಟೀನು ಇದೆ.

ಹಿಮಾಲಯದ ಜನಕ್ಕೆ ಇದೆಲ್ಲ ಹೊಸ ಸುದ್ದಿಯಲ್ಲ. ಉತ್ತರಾಖಂಡದ ಕುಮಾವೂನ್ ಸೀಮೆಯಲ್ಲಿ ಭಂಗಿ ಬೀಜವನ್ನು ಹುರಿದು, ಅರೆದು, ಹುಳಿ ಹಿಂಡಿ ಚಟ್ನಿ ಮಾಡುತ್ತಾರೆ. ಅದರಿಂದ ಅಮಲೇರುವುದಿಲ್ಲ. ಅಲ್ಲಿಯ ಬೆಟ್ಟದ ಊರುಗಳಲ್ಲಿ ಇದೇ ನಾರಿನಿಂದ ಹಗ್ಗ ಹೊಸೆದಿದ್ದಾರೆ, ಒರಟು ಬಟ್ಟೆ ನೇಯ್ದಿದ್ದಾರೆ. ಹಿಮಾಚಲದ ಕುಲ್ಲು ಕಣಿವೆಯಲ್ಲಿ ಇದೇ ನಾರಿನಿಂದ ಪೂಲಾ ಎಂಬ ಪಾದರಕ್ಷೆ ಹೆಣೆಯುತ್ತಾರೆ. ಚರ್ಮ ಸಲ್ಲದ ದೇವಸ್ಥಾನದ ಆವರಣಕ್ಕೂ ಅದು ಸಲ್ಲುತ್ತದೆ.

ಅಂದರೆ ಗಿಡ ಒಂದೇ. ನಾರಿಗೆ ಒಂದು ಬಳಕೆ, ಬೀಜಕ್ಕೆ ಇನ್ನೊಂದು, ಹೂವಿಗೆ ಮತ್ತೊಂದು. ಇದನ್ನು ನೆನಪಿಟ್ಟುಕೊಂಡು ಕಾನೂನು ಏನು ಹೇಳುತ್ತದೆ ನೋಡೋಣ.

1961ರಲ್ಲಿ ಮಾದಕ ವಸ್ತುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವೊಂದು ಆಯಿತು. ಆ ಕಟ್ಟುನಿಟ್ಟಿನ ಒಪ್ಪಂದವೂ ನಾರು ಮತ್ತು ಬೀಜಕ್ಕಾಗಿ ಮಾತ್ರ ಬೆಳೆಯುವ ಭಂಗಿಯನ್ನು ತನ್ನ ಹಿಡಿತದಿಂದ ಹೊರಗಿಟ್ಟಿತು. ನಮ್ಮಲ್ಲಿ 1985ರಲ್ಲಿ ಮಾದಕ ವಸ್ತುಗಳ ಕಾಯಿದೆ ಬಂತು. ಎನ್‌ಡಿಪಿಎಸ್ ಎಂದು ಕರೆಯುತ್ತೇವಲ್ಲ, ಅದೇ. ಪರವಾನಗಿ ಇಲ್ಲದೆ ಭಂಗಿ ಬೆಳೆದರೆ ಅದರಡಿ ಹತ್ತು ವರ್ಷದವರೆಗೆ ಕಠಿಣ ಸಜೆ ಆಗಬಹುದು. ಒಂದು ಲಕ್ಷ ರೂಪಾಯಿಯವರೆಗೆ ದಂಡವೂ ಬೀಳಬಹುದು. ಆದರೆ ಅದೇ ಕಾಯಿದೆಯ 10ನೇ ಕಲಮು ಭಂಗಿ ಬೆಳೆಗೆ ಅನುಮತಿ ಕೊಡುವ, ಅದನ್ನು ನಿಯಂತ್ರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. 14ನೇ ಕಲಮು ಇನ್ನೂ ನೇರ. ನಾರು, ಬೀಜ ಮತ್ತು ತೋಟಗಾರಿಕೆಯ ಉದ್ದೇಶಕ್ಕೆ ಸರ್ಕಾರ ಈ ಬೆಳೆಗೆ ಒಪ್ಪಿಗೆ ಕೊಡಬಹುದು ಎನ್ನುತ್ತದೆ.

2021ರ ಕೊನೆಯಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಆಹಾರ ಸುರಕ್ಷತಾ ಪ್ರಾಧಿಕಾರ ಭಂಗಿ ಬೀಜ, ಬೀಜದ ಎಣ್ಣೆ ಮತ್ತು ಬೀಜದ ಹಿಟ್ಟನ್ನು ಆಹಾರವೆಂದು ಒಪ್ಪಿತು. ಎಷ್ಟು ಟಿಎಚ್‌ಸಿ ಉಳಿದಿರಬಹುದು ಎಂಬುದಕ್ಕೆ ಬಹಳ ಬಿಗಿಯಾದ ಮಿತಿ ಹಾಕಿತು.

ಹಾಗಾದರೆ ಇಷ್ಟಾಯಿತು. ಬೆಳೆಯಲು ಕಾನೂನಿದೆ. ತಿನ್ನಲು ಒಪ್ಪಿಗೆಯಿದೆ. ಅಧಿಕಾರ ರಾಜ್ಯಗಳ ಕೈಯಲ್ಲಿದೆ. ಇನ್ನು ಆ ಅಧಿಕಾರವನ್ನು ಬಳಸಹೊರಟ ರಾಜ್ಯಗಳ ಕಡೆ ಹೋಗೋಣ.

ಮುಂದೆ ಬಂದ ಮೊದಲ ರಾಜ್ಯ ಉತ್ತರಾಖಂಡ. 2018ರ ಹೊತ್ತಿಗೆ ಅಲ್ಲಿ ಪರವಾನಗಿ ಕೊಡಲು ತೊಡಗಿದರು. ಅದಕ್ಕೆ ಕಾರಣವನ್ನು ಆ ಬೆಟ್ಟಗಳಲ್ಲೇ ಕಾಣಬಹುದು. 2011ರ ಜನಗಣತಿಯಲ್ಲೇ ಅಲ್ಲಿ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಬ್ಬರೂ ವಾಸವಿರಲಿಲ್ಲ. ಮನೆಗೆ ಬೀಗ, ಗದ್ದೆಯಲ್ಲಿ ಕಳೆ. ಉಳಿದ ರೈತ ಗೋಧಿ ಹಾಕಿದರೆ ಹಂದಿ ನುಗ್ಗುತ್ತದೆ, ಹಣ್ಣು ಬೆಳೆದರೆ ಮಂಗ ಕೀಳುತ್ತದೆ. ಭಂಗಿಯನ್ನು ಕಾಡುಪ್ರಾಣಿ ಅಷ್ಟಾಗಿ ಮುಟ್ಟುವುದಿಲ್ಲ. ಅದು ನೀರು ಹೆಚ್ಚು ಕೇಳುವುದಿಲ್ಲ. ಇಳಿಜಾರಿನ ಬಡ ಮಣ್ಣಿನಲ್ಲೂ ಏಳುತ್ತದೆ. ಊರು ಬಿಟ್ಟುಹೋಗುವವರನ್ನು ಉಳಿಸಿಕೊಳ್ಳಲು ಇದೂ ಒಂದು ದಾರಿ ಎಂದು ಅಲ್ಲಿಯವರು ಯೋಚಿಸಿದ್ದರಲ್ಲಿ ನ್ಯಾಯವಿದೆ.

ನೆರೆಯ ಹಿಮಾಚಲವೂ ಅದೇ ಹಾದಿಗೆ ಬಂತು. 2023ರಲ್ಲಿ ಅಲ್ಲಿಯ ಕಂದಾಯ ಸಚಿವ ಜಗತ್ ಸಿಂಗ್ ನೇಗಿ ಅವರ ನೇತೃತ್ವದಲ್ಲಿ ಸಮಿತಿಯಾಯಿತು. ಔಷಧಕ್ಕೂ ಉದ್ಯಮಕ್ಕೂ ಭಂಗಿ ಬೆಳೆಯಲು ಅವಕಾಶ ಕೊಡಬಹುದು ಎಂದು ಸಮಿತಿ ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಆ ವರದಿಯನ್ನು ಒಪ್ಪಿತು. 2025ರ ಜನವರಿಯಲ್ಲಿ ಪಾಲಂಪುರದ ಕೃಷಿ ವಿಶ್ವವಿದ್ಯಾಲಯ ಮತ್ತು ನೌಣಿಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಅಧ್ಯಯನದ ಹೊಣೆ ಬಂತು. ಮೊದಲು ವಿಜ್ಞಾನಿ ಬೆಳೆದು ನೋಡಲಿ, ಆಮೇಲೆ ರೈತ ಬೆಳೆಯಲಿ ಎಂಬ ಈ ಕ್ರಮ ಸರಿಯಾದದ್ದು.

ಬಾಗಿಲು ತೆರೆದದ್ದಾಯಿತು. ಆದರೆ ಒಳಗೆ ಹೋಗುವ ರೈತನಿಗೆ ಏನೇನು ಅಡ್ಡಿ? ಒಂದೊಂದಾಗಿ ಕೇಳಿ.

ಮೊದಲ ಅಡ್ಡಿ ಕಚೇರಿ. ಬೆಟ್ಟದ ಮೇಲಿನ ಸಣ್ಣ ಹಿಡುವಳಿದಾರನ ಅರ್ಜಿ ಜಿಲ್ಲಾಡಳಿತದವರೆಗೆ ಹೋಗಬೇಕು. ಜಮೀನಿನ ಕಾಗದ ಬೇಕು, ಹಿನ್ನೆಲೆಯ ಪರಿಶೀಲನೆ ಆಗಬೇಕು, ಬೀಜದ ಮೂಲ ತೋರಿಸಬೇಕು, ಅಬಕಾರಿಯವರು ನೋಡಬೇಕು. ಕಂಪನಿಗಾದರೆ ಇದಕ್ಕೆಂದೇ ಗುಮಾಸ್ತರಿದ್ದಾರೆ. ಎರಡು ತುಂಡು ಹೊಲ ಇರುವವನಿಗೆ ಯಾರಿದ್ದಾರೆ? ಅವನು ಕಚೇರಿಗೆ ಅಲೆಯುವಷ್ಟರಲ್ಲಿ ಬಿತ್ತನೆಯ ಹದ ಕಳೆದುಹೋಗುತ್ತದೆ.

ಎರಡನೆಯ ಅಡ್ಡಿ ಒಂದು ಅಂಕಿ. ಶೇಕಡ 0.3. ಅಂದರೆ ಒಂದು ಕಿಲೋ ಒಣಗಿಸಿದ ಮಾದರಿಯಲ್ಲಿ ಟಿಎಚ್‌ಸಿ ಮೂರು ಗ್ರಾಂ ಮೀರಬಾರದು. ಮೀರಿದರೆ ಅದು ನಾರಿನ ಬೆಳೆಯಲ್ಲ. ಬೆಳೆ ನಾಶ ಮಾಡಬೇಕು.

ಈ ಅಂಕಿ ಎಲ್ಲಿಂದ ಬಂತು? 1976ರಲ್ಲಿ ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಭಂಗಿ ಗಿಡದ ಬಗೆಗಳನ್ನು ವರ್ಗೀಕರಿಸಿದರು. ಎರಡು ಗುಂಪು ಮಾಡಲು ಅವರಿಗೆ ಒಂದು ಗೆರೆ ಬೇಕಿತ್ತು. ಅವರು ಎಳೆದದ್ದು ಈ 0.3ರ ಗೆರೆ. ಅದನ್ನು ಅನುಕೂಲಕ್ಕಾಗಿ ಎಳೆದ ಗೆರೆ ಎಂದು ಅವರೇ ಹೇಳಿಕೊಂಡಿದ್ದರು. ಅಷ್ಟೇ ಅಲ್ಲ, ಅವರು ಅಳತೆಗೆ ತೆಗೆದುಕೊಂಡದ್ದು ಎಳೆಯ ಎಲೆಯನ್ನು. ಅಮೆರಿಕದಂಥ ಕಡೆ ಇವತ್ತು ಪರೀಕ್ಷೆಗೆ ಒಯ್ಯುವುದು ಹೂತೆನೆಯನ್ನು. ಹೂವಿನಲ್ಲಿ ಟಿಎಚ್‌ಸಿ ಎಲೆಗಿಂತ ಹೆಚ್ಚು. ಗಿಡಗಳನ್ನು ಗುರುತಿಸಲು ವಿಜ್ಞಾನಿ ಎಳೆದ ಗೆರೆ ಹೀಗೆ ರೈತನ ಬೆಳೆಯ ಹಣೆಬರಹವಾಯಿತು. ನಮ್ಮ 1985ರ ಕಾಯಿದೆಯಲ್ಲಿ ಈ ಅಂಕಿಯೇ ಇಲ್ಲ. ಅದು ಬಂದದ್ದು ರಾಜ್ಯದ ನಿಯಮಗಳ ಮೂಲಕ. ರಾಜ್ಯದ ನಿಯಮವನ್ನು ರಾಜ್ಯವೇ ತಿದ್ದಬಹುದು.

ಮೂರನೆಯ ಅಡ್ಡಿ ಬೀಜ. ಟಿಎಚ್‌ಸಿ ಎಷ್ಟು ಬರುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ತಳಿ. ಆಮೇಲೆ, ಹೂವು ಎಷ್ಟು ಬಲಿತಿದೆ ಎಂಬುದು. ಹಿಮಾಲಯದಲ್ಲಿ ಕಾಡು ಭಂಗಿ ದಾರಿಯ ಬದಿಯಲ್ಲೂ ಬೆಳೆದಿರುತ್ತದೆ. ಅದರ ಪರಾಗ ಗಾಳಿಯಲ್ಲಿ ಬಹುದೂರ ಹೋಗುತ್ತದೆ. ರೈತ ಈ ವರ್ಷ ಒಳ್ಳೆಯ ಬೀಜ ಬಿತ್ತಿದ ಎನ್ನಿ. ಕಾಡು ಗಿಡದ ಪರಾಗ ಸೋಕಿದರೆ, ಮುಂದಿನ ವರ್ಷಕ್ಕೆ ತೆಗೆದಿಟ್ಟ ಬೀಜದ ಗುಣ ಬದಲಾಗುತ್ತದೆ. ಗಾಳಿಗೆ ಬೇಲಿ ಹಾಕಲು ಯಾವ ರೈತನಿಂದ ಆಗುತ್ತದೆ? ತನ್ನ ಕೈಮೀರಿದ ಸಂಗತಿಗೆ ಅವನು ಶಿಕ್ಷೆ ಅನುಭವಿಸಬೇಕೆ?

ಅಲೆದಾಟದ ಕಚೇರಿ, ಬಗ್ಗದ ಅಂಕಿ, ನಂಬಲಾಗದ ಬೀಜ. ಮೂರೂ ಸೇರಿದಾಗ ಆಗುವುದೇನು? ನಿಯಮ ಪಾಲಿಸಬಯಸುವವನು ಹಿಂದೆ ಸರಿಯುತ್ತಾನೆ. ನಿಯಮಕ್ಕೆ ಅಂಜದವನು ಕಣಿವೆಯ ಮರೆಯಲ್ಲಿ ಅಮಲಿನ ಬೆಳೆಯನ್ನೇ ಬೆಳೆಯುತ್ತಾನೆ. ನಾವು ಬಯಸಿದ್ದರ ನೇರ ವಿರುದ್ಧ ಫಲ ಇದು.

ಈಗ ಹೊರಗಿನ ಅನುಭವ ನೋಡೋಣ. ಬೇರೆಯವರು ಈ ಗಂಟನ್ನು ಹೇಗೆ ಬಿಡಿಸಿದರು?

ಅಮೆರಿಕ 2018ರ ಕೃಷಿ ಮಸೂದೆಯಲ್ಲಿ ನಾರಿನ ಭಂಗಿಯನ್ನು ಮಾದಕ ವಸ್ತುಗಳ ಪಟ್ಟಿಯಿಂದ ಹೊರತೆಗೆಯಿತು. 0.3ರ ಮಿತಿ ಅಲ್ಲೂ ಇತ್ತು. ಮೊದಲು ಬಂದ ನಿಯಮಗಳು ಬಿಗಿಯಾಗಿದ್ದವು. ರೈತರು ದೂರಿದರು. ಕೃಷಿ ಇಲಾಖೆ ಕಿವಿಗೊಟ್ಟಿತು. 2021ರಲ್ಲಿ ಮೂರು ಬದಲಾವಣೆ ಬಂದವು. ಒಂದು, ಪರೀಕ್ಷೆಗೆ ಮಾದರಿ ತೆಗೆದ ಮೇಲೆ ಕೊಯ್ಲಿಗೆ 15 ದಿನವಿದ್ದ ಗಡುವು 30 ದಿನವಾಯಿತು. ಎರಡು, ತಕ್ಕ ಎಚ್ಚರ ವಹಿಸಿದ ರೈತನ ಬೆಳೆಯಲ್ಲಿ ಶೇಕಡ 1ರವರೆಗೆ ಟಿಎಚ್‌ಸಿ ಕಂಡರೂ ಅದನ್ನು ಅವನ ಅಲಕ್ಷ್ಯವೆಂದು ಎಣಿಸಲಿಲ್ಲ. ಮೂರು, ಮಿತಿ ಮೀರಿದ ಬೆಳೆಯಲ್ಲಿ ಹೂವನ್ನು ತೆಗೆದು ನಾಶಮಾಡಿ, ಉಳಿದದ್ದನ್ನು ಉಳಿಸಿಕೊಳ್ಳಲು ದಾರಿ ಮಾಡಿದರು.

ಈ ಮೂರನೆಯದನ್ನು ಗಮನಿಸಿ. ಅಮಲು ಇರುವುದು ಹೂವಿನಲ್ಲಿ. ರೈತನಿಗೆ ಬೇಕಾದದ್ದು ಕಾಂಡ. ಹೂವು ಹೋಗಲಿ, ಕಾಂಡ ಉಳಿಯಲಿ. ಗಿಡದ ಗುಣ ತಿಳಿದು ಮಾಡಿದ ನಿಯಮ ಎಂದರೆ ಇದು.

ಯುರೋಪಿನ ಒಕ್ಕೂಟ 2023ರಿಂದ ತನ್ನ ಮಿತಿಯನ್ನು 0.2ರಿಂದ 0.3ಕ್ಕೆ ಏರಿಸಿತು. ಸ್ವಿಟ್ಜರ್ಲೆಂಡಿನಲ್ಲಿ ಮಿತಿ ಶೇಕಡ 1. ಅಂಕಿ ಎಲ್ಲ ಕಡೆ ಒಂದೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಮೊರಾಕ್ಕೊ. ಅಲ್ಲಿಯ ರಿಫ್ ಬೆಟ್ಟಗಳಲ್ಲಿ ತಲೆಮಾರುಗಳಿಂದ ಕದ್ದುಮುಚ್ಚಿ ಭಂಗಿ ಬೆಳೆಯುತ್ತಿದ್ದರು. 2021ರಲ್ಲಿ ಕಾನೂನು ಬಂತು. ಔಷಧಕ್ಕೂ ಉದ್ಯಮಕ್ಕೂ ಮಾತ್ರ, ಮೂರು ಪ್ರಾಂತಗಳಲ್ಲಿ ಮಾತ್ರ ಬೆಳೆಯಬಹುದು. ರೈತ ಸಹಕಾರ ಸಂಘ ಸೇರಬೇಕು. ಸಂಘ ಪರವಾನಗಿ ಪಡೆದ ಸಂಸ್ಥೆಗೇ ಮಾರಬೇಕು. 2024ರ ಆಗಸ್ಟ್‌ನಲ್ಲಿ ಅಲ್ಲಿಯ ದೊರೆ, ಭಂಗಿ ಬೆಳೆದ ಪ್ರಕರಣಗಳಲ್ಲಿ ಸಿಕ್ಕಿದ್ದ ಸುಮಾರು 4,800 ಜನರಿಗೆ ಕ್ಷಮೆ ಕೊಟ್ಟರು. ಮರೆಯಲ್ಲಿದ್ದ ರೈತನನ್ನು ಬೆಳಕಿಗೆ ಕರೆಯಬೇಕಾದರೆ ಮೊದಲು ಅವನ ಭಯ ಹೋಗಬೇಕು. ಈ ಕ್ಷಮೆ ಆ ಕೆಲಸ ಮಾಡುತ್ತದೆ.

ಎಚ್ಚರಿಕೆಯ ಪಾಠಗಳೂ ಇವೆ. ಕ್ಯಾಲಿಫೋರ್ನಿಯಾದ ಮತದಾರರು 2016ರಲ್ಲಿ ಮತ್ತಿನ ಬಳಕೆಗೇ ಒಪ್ಪಿಗೆ ಕೊಟ್ಟರು. ಅದು ನಮ್ಮ ದಾರಿಯಲ್ಲ. ಆದರೆ ಅಲ್ಲಿಯ ಬೆಳೆಗಾರನ ಪಾಡು ನಮಗೂ ತಿಳಿದಿರಬೇಕು. ಅವನಿಗೆ ಕೌಂಟಿಯ ಅನುಮತಿ ಬೇಕು, ರಾಜ್ಯದ ಪರವಾನಗಿ ಬೇಕು, ನೀರಿನ ಇಲಾಖೆ, ವನ್ಯಜೀವಿ ಇಲಾಖೆ, ಪರಿಸರ ಪರಿಶೀಲನೆ ಎಲ್ಲ ದಾಟಬೇಕು. ಇದರ ಮೇಲೆ ತೂಕಕ್ಕೆ ತೆರಿಗೆ. 2022ರ ಹೊತ್ತಿಗೆ ಅದು ಕಿಲೋಗೆ ಸುಮಾರು 350 ಡಾಲರ್. ಬೆಲೆ ಕುಸಿದರೂ ತೆರಿಗೆ ಇಳಿಯಲಿಲ್ಲ. ಸಣ್ಣ ಬೆಳೆಗಾರರು ಕೈಚೆಲ್ಲಿದರು. ಕಾನೂನಿಲ್ಲದ ಮಾರುಕಟ್ಟೆ ಕೊಬ್ಬಿತು. ಕೊನೆಗೆ 2022ರ ಜುಲೈನಲ್ಲಿ ಆ ತೆರಿಗೆಯನ್ನೇ ತೆಗೆದುಹಾಕಿದರು.

ಇನ್ನೊಂದು ಪಾಠ ಇದಕ್ಕೆ ತದ್ವಿರುದ್ಧ. ಅಮೆರಿಕದಲ್ಲಿ ನಾರಿನ ಭಂಗಿಯ ಸಡಿಲಿಕೆಯನ್ನು ಹಿಡಿದುಕೊಂಡು ಕೆಲವರು ಮತ್ತೇರಿಸುವ ಮಿಠಾಯಿ, ಪಾನೀಯ ತಯಾರಿಸಿ ಅಂಗಡಿಗೆ ಇಳಿಸಿದರು. 2025ರ ನವೆಂಬರ್‌ನಲ್ಲಿ ಅಲ್ಲಿಯ ಸಂಸತ್ತು ಆ ಸರಕಿನ ಮೇಲೆ ಕಾನೂನು ಬಿಗಿಮಾಡಬೇಕಾಯಿತು. ಹೊಲದಲ್ಲಿ ನಾರು ಬೆಳೆಯುವವನು ಆ ಮಿಠಾಯಿ ಮಾಡಿದವನಲ್ಲ. ಆದ್ದರಿಂದ ಸಡಿಲಿಕೆ ಹೊಲಕ್ಕೆ ಇರಲಿ. ಕಾರ್ಖಾನೆಗೆ, ಅಂಗಡಿಗೆ ಬಿಗಿ ಇರಲಿ.

ಇಲ್ಲಿಯವರೆಗಿನದನ್ನು ಒಮ್ಮೆ ಒಟ್ಟುಗೂಡಿಸಿಕೊಳ್ಳೋಣ. ನಮ್ಮ ಕಾನೂನಿನಲ್ಲಿ ಅವಕಾಶವಿದೆ. ನಿಯಮದಲ್ಲಿ ಅಡ್ಡಿಯಿದೆ. ಬೇರೆ ದೇಶಗಳು ಆ ಅಡ್ಡಿಯನ್ನು ತಿದ್ದಿಕೊಂಡಿವೆ, ತಿದ್ದುವಾಗ ತಪ್ಪಿಯೂ ಇವೆ. ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತು. ನಮ್ಮ ದೇಶದಲ್ಲಿ ಇಷ್ಟು ಸೂಕ್ಷ್ಮವಾದ ಬೆಳೆಯನ್ನು ಕಾಯಲು ಆಗುತ್ತದೆಯೇ?

ಆಗುತ್ತದೆ. ಈಗಾಗಲೇ ಕಾಯುತ್ತಿದ್ದೇವೆ. ಭಂಗಿಗಿಂತ ಎಷ್ಟೋ ಅಪಾಯಕಾರಿಯಾದ ಬೆಳೆ ಅಫೀಮು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೈತರು ಕೇಂದ್ರ ಸರ್ಕಾರದ ಪರವಾನಗಿ ಪಡೆದು ಅಫೀಮಿನ ಗಸಗಸೆ ಬೆಳೆಯುತ್ತಾರೆ. ನೋವು ನಿವಾರಕ ಔಷಧಕ್ಕೆ ಅದು ಬೇಕು. ಒಬ್ಬೊಬ್ಬರಿಗೆ ಸಿಗುವುದು ಸಾಮಾನ್ಯವಾಗಿ ಕಾಲು ಎಕರೆ ಅಥವಾ ಅದಕ್ಕಿಂತ ಕಡಿಮೆ. ಗ್ವಾಲಿಯರಿನಲ್ಲಿ ಕೇಂದ್ರ ಕಚೇರಿ ಇರುವ ಮಾದಕ ವಸ್ತು ಬ್ಯೂರೊ ಹೊಲವನ್ನು ಅಳೆಯುತ್ತದೆ, ಫಸಲನ್ನು ತೂಗುತ್ತದೆ. ಅಫೀಮನ್ನು ಸರ್ಕಾರವೇ ಕೊಳ್ಳುತ್ತದೆ. ಪ್ರತಿ ಊರಿನಲ್ಲಿ ಲಂಬರ್‌ದಾರ ಎಂಬ ಮುಖ್ಯಸ್ಥ ಈ ಕೆಲಸಕ್ಕೆ ನೆರವಾಗುತ್ತಾನೆ. ಲೋಪಗಳಿಲ್ಲವೆಂದಲ್ಲ. ಆದರೆ ಅಫೀಮಿಗೆ ಸಾಧ್ಯವಾದ ವ್ಯವಸ್ಥೆ ನಾರಿನ ಗಿಡಕ್ಕೆ ಅಸಾಧ್ಯ ಎನ್ನುವುದನ್ನು ಒಪ್ಪುವುದು ಹೇಗೆ?

ಇನ್ನೂ ಒಂದು ಸಂಗತಿ. ನಾರಿಗಾಗಿ ಬೆಳೆಯುವವರು ಬೀಜವನ್ನು ಒತ್ತೊತ್ತಾಗಿ ಬಿತ್ತುತ್ತಾರೆ. ಗಿಡ ಕವಲೊಡೆಯದೆ ನೇರ ಏಳುತ್ತದೆ. ಹೂವು ಬಲಿಯುವ ಮೊದಲೇ ಕೊಯ್ಯುತ್ತಾರೆ. ಅಮಲಿಗಾಗಿ ಬೆಳೆಯುವವರು ಗಿಡಗಳನ್ನು ದೂರ ದೂರ ನೆಡುತ್ತಾರೆ, ಪೊದೆಯಾಗಲು ಬಿಡುತ್ತಾರೆ, ಹೂವು ಬಲಿಯುವವರೆಗೆ ಕಾಯುತ್ತಾರೆ. ಪಳಗಿದ ಕೃಷಿ ಅಧಿಕಾರಿಗೆ ಹೊಲದ ಬದುವಿನ ಮೇಲೆ ನಿಂತರೆ ವ್ಯತ್ಯಾಸ ತಿಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಬೀಜ. ಟಿಎಚ್‌ಸಿ ಕಡಿಮೆ ಇರುವ ಪ್ರಮಾಣಿತ ಬೀಜವನ್ನು ಕೃಷಿ ವಿಶ್ವವಿದ್ಯಾಲಯಗಳ ಮೂಲಕ ಸರ್ಕಾರವೇ ಪ್ರತಿ ಹಂಗಾಮಿಗೆ ಕೊಡಲಿ. ಆ ಬೀಜ ಬಿತ್ತಿದ ರೈತನ ಬೆಳೆ ಮಿತಿ ಮೀರಿದರೆ ಹೊಣೆ ಬೀಜ ಕೊಟ್ಟವರದ್ದಾಗಲಿ.

ಎರಡನೆಯದು ಪರವಾನಗಿ. ಅರ್ಜಿ ಒಂದೇ ಇರಲಿ. ಅದು ತಾಲ್ಲೂಕು ಮಟ್ಟದಲ್ಲೇ ತೀರ್ಮಾನವಾಗಲಿ. ಇಷ್ಟು ದಿನದೊಳಗೆ ಉತ್ತರ ಎಂದು ಗಡುವಿರಲಿ, ಆ ಗಡುವು ಬಿತ್ತನೆಗೆ ಮುಂಚೆ ಮುಗಿಯಲಿ. ಪ್ರತಿ ವರ್ಷದ ಬದಲು ಮೂರು ವರ್ಷಕ್ಕೊಮ್ಮೆ ನವೀಕರಣ ಸಾಕು. ಶುಲ್ಕ ಹೊಲದ ಅಳತೆಗೆ ತಕ್ಕಂತಿರಲಿ.

ಮೂರನೆಯದು ಪರೀಕ್ಷೆ. 0.3ರ ಒಳಗಿದ್ದರೆ ಬೆಳೆ ಪೂರ್ತಿ ರೈತನದ್ದು. 0.3 ದಾಟಿ 1ರ ಒಳಗಿದ್ದರೆ ಅಧಿಕಾರಿಯ ಎದುರು ಹೂವು ನಾಶವಾಗಲಿ, ಕಾಂಡ ರೈತನಿಗೆ ಸಿಗಲಿ, ಪೊಲೀಸ್ ಪ್ರಕರಣ ಬೇಡ. ಅದಕ್ಕೂ ಮೀರಿದರೆ ಬೆಳೆ ಪೂರ್ತಿ ಹೋಗಲಿ. ಮೊಕದ್ದಮೆ ಹೂಡುವುದು ಉದ್ದೇಶಪೂರ್ವಕ ವಂಚನೆ ಕಂಡಾಗ ಮಾತ್ರ.

ನಾಲ್ಕನೆಯದು ಮಾರಾಟ. ರೈತರು ಸಹಕಾರ ಸಂಘವಾಗಿ ಸೇರಲಿ. ನಾರು ಬಿಡಿಸುವ, ಬೀಜ ಸುಲಿಯುವ ಸಣ್ಣ ಘಟಕ ಊರಿನ ಹತ್ತಿರವೇ ಬರಲಿ. ಕೊಳ್ಳುವವರು ಖಚಿತವಾಗಿದ್ದರೆ ಫಸಲು ಅಡ್ಡದಾರಿ ಹಿಡಿಯುವ ಸಂಭವ ಕಡಿಮೆ.

ಬೀಜ, ಪರವಾನಗಿ, ಪರೀಕ್ಷೆ, ಮಾರಾಟ. ಈ ನಾಲ್ಕರಲ್ಲಿ ಯಾವುದೂ ಕಾವಲನ್ನು ತೆಗೆದುಹಾಕುವುದಿಲ್ಲ. ಪರವಾನಗಿ ಹೊಲದ ಬದುವಿನಂತೆ ಇರಬೇಕು. ಬದು ಬೇಕೇ ಬೇಕು, ಆದರೆ ಬದುವೇ ಅರ್ಧ ಹೊಲ ನುಂಗಿದರೆ ಉಳುವುದೆಲ್ಲಿ?

ಕೊನೆಯದಾಗಿ ನಮ್ಮ ಕರ್ನಾಟಕದ ಮಾತು. 10ನೇ ಕಲಮಿನ ಅಧಿಕಾರ ನಮ್ಮ ಸರ್ಕಾರಕ್ಕೂ ಇದೆ. ಹಾಗೆಂದು ನಾಳೆಯೇ ಬಿತ್ತೋಣ ಎನ್ನುವುದು ಆತುರವಾದೀತು. ಇದಕ್ಕೆ ಕೃಷಿಯದೇ ಕಾರಣವಿದೆ. ಭಂಗಿ ಗಿಡ ಹಗಲಿನ ಉದ್ದ ನೋಡಿ ಹೂಬಿಡುತ್ತದೆ. ಹಗಲು ಕಿರಿದಾದರೆ ಬೇಗ ಹೂವು. ಯುರೋಪಿನ ಬೇಸಿಗೆಯ ಉದ್ದ ಹಗಲಿಗೆ ಒಗ್ಗಿದ ತಳಿಯನ್ನು ಧಾರವಾಡದಲ್ಲೋ ರಾಯಚೂರಿನಲ್ಲೋ ಬಿತ್ತಿದರೆ ಗಿಡ ಎತ್ತರವಾಗುವ ಮೊದಲೇ ಹೂವಿಗೆ ಬರುತ್ತದೆ. ನಾರು ಗಿಡ್ಡವಾಗುತ್ತದೆ. ಹಿಮಾಲಯದ ತಳಿಯೂ ನಮ್ಮ ಬಿಸಿಲಿಗೆ ಹೇಗೆ ಒಗ್ಗುತ್ತದೋ ಬೆಳೆದೇ ನೋಡಬೇಕು. ಆದ್ದರಿಂದ ಮೊದಲ ಪರವಾನಗಿ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಸಂಶೋಧನಾ ತಾಕುಗಳಿಗೆ ಸಿಗಲಿ. ಹಿಮಾಚಲ ಇಟ್ಟ ಹೆಜ್ಜೆಯನ್ನು ನಾವೂ ಇಡೋಣ. ಇವತ್ತು ಇಲ್ಲಿ ಹತ್ತಿಯ ಸಾಲಿನ ನಡುವೆ, ಮೆಣಸಿನ ಗಿಡದ ಮರೆಯಲ್ಲಿ ಗಾಂಜಾ ಬೆಳೆದು ಸಿಕ್ಕಿಬೀಳುವ ಸುದ್ದಿ ಓದುತ್ತೇವೆ. ಪರವಾನಗಿ ಇಲ್ಲದ ಆ ಬೆಳೆ ತಪ್ಪೇ. ಅದನ್ನು ತಡೆಯುವ ಕೆಲಸ ನಿಲ್ಲಬಾರದು.

ಕೇಳುಗರೇ, ಈ ಗಿಡದ ಬಗ್ಗೆ ನಮ್ಮ ದೇಶದಲ್ಲಿ ನಡೆದ ಅತಿ ದೊಡ್ಡ ವಿಚಾರಣೆ 1893–94ರದ್ದು. ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗ ಸುಮಾರು 1,200 ಸಾಕ್ಷಿಗಳ ಮಾತು ಕೇಳಿತು. ಪೂರ್ತಿ ನಿಷೇಧಕ್ಕಿಂತ ಪರವಾನಗಿ ಮತ್ತು ನಿಯಂತ್ರಣ ಮೇಲು ಎಂಬ ತೀರ್ಮಾನಕ್ಕೆ ಬಂತು. ಅವರ ಕಣ್ಣಿದ್ದದ್ದು ಹೆಚ್ಚಾಗಿ ಸುಂಕದ ಮೇಲೆ, ಆಡಳಿತದ ಮೇಲೆ. ನಮ್ಮ ಕಣ್ಣು ರೈತನ ಮೇಲಿರಬೇಕು. ನಿಯಮ ಬರೆಯುವಾಗ ಅಬಕಾರಿ, ಪೊಲೀಸ್, ಕಂದಾಯ ಇಲಾಖೆಗಳ ಜೊತೆಗೆ ಬೆಳೆಗಾರರೂ ಆ ಮೇಜಿನ ಮುಂದೆ ಕೂರಬೇಕು. ಹಿಮಾಚಲದ ನಿಯಮಗಳೂ ಹೀಗೆಯೇ ರೂಪುಗೊಳ್ಳಲಿ. ಅಲ್ಲಿ ಸರಿಯಾದ ನಿಯಮ ಆದರೆ ಉತ್ತರಾಖಂಡ ತನ್ನದನ್ನು ತಿದ್ದಿಕೊಳ್ಳುತ್ತದೆ, ಮುಂದೆ ಬರುವ ರಾಜ್ಯಗಳಿಗೆ ಮಾದರಿ ಸಿಗುತ್ತದೆ. ಕಾನೂನು ಪಾಲಿಸುವುದು ಕಾನೂನು ಮುರಿಯುವುದಕ್ಕಿಂತ ಸುಲಭವಾಗಬೇಕು. ಅಷ್ಟಾದರೆ ಬೆಟ್ಟದ ರೈತ ತಾನಾಗಿಯೇ ಪರವಾನಗಿ ಕೇಳಿಕೊಂಡು ಬರುತ್ತಾನೆ.